ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಜಪಾನಿ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಪಾನಿ ಕಲಿಯಲು ಶುರು ಮಾಡಿದ್ದು ಒಂಬತ್ತನೇ ಕ್ಲಾಸಿನಲ್ಲಿ, ರಾಮನಗರದಲ್ಲಿ. ಬಿಡದಿಯ ಕಾರ್ಖಾನೆಗಳ ಕೆಲಸಕ್ಕೆಂದು ಬಂದ ಒಂದು ಜಪಾನಿ ಕುಟುಂಬ ನಮ್ಮ ಬೀದಿಯಲ್ಲಿ ಬಾಡಿಗೆಗಿತ್ತು. ಅವರ ಜೊತೆ ಎರಡು ಮಾತಾಡಬೇಕು ಅನ್ನೋ ಆಸೆಯಿಂದ ಹಿಡಿದ ಭಾಷೆ ಇದು. ಈಗ ಭಾನುವಾರ ಬೆಳಗ್ಗೆ ಮನೆಯಲ್ಲೇ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಪ್ರತಿ ಸಲ ಹೊಸ ಮಕ್ಕಳು ಬಂದಾಗ ಇವೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೇನೆ. ಜಪಾನಿ ಮಾತುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಓದುವಾಗ ದಯವಿಟ್ಟು ಬಾಯಿ ಬಿಟ್ಟು ಓದಿ.

ನಾನು ಕನ್ನಡ ಮೀಡಿಯಂ. ಇಂಗ್ಲಿಷೇ ಅಷ್ಟಕ್ಕಷ್ಟೆ. ಜಪಾನಿ ಕಲಿಯೋಕೆ ಆಗುತ್ತಾ?

ಆಗುತ್ತದೆ. ಇಂಗ್ಲಿಷ್ ಮೂಲಕ ಕಲಿಯುವವರಿಗಿಂತ ನಿಮಗೆ ಬೇಗ ಹಿಡಿತ ಸಿಗುತ್ತದೆ. ಸಮಾಧಾನಕ್ಕೆ ಹೇಳುತ್ತಿಲ್ಲ, ನೀವೇ ನೋಡಿ.

"ವತಶಿ ವ ಹೊನ್ ಒ ಯೊಮಿಮಸ್." ವತಶಿ ಅಂದರೆ ನಾನು (ಅದರ ಪಕ್ಕದ "ವ" ಬಗ್ಗೆ ಮುಂದೆ ಹೇಳುತ್ತೇನೆ), ಹೊನ್ ಅಂದರೆ ಪುಸ್ತಕ, ಒ ಅಂದರೆ ನಮ್ಮ "ಅನ್ನು", ಯೊಮಿಮಸ್ ಅಂದರೆ ಓದುತ್ತೇನೆ. ನಾನು ಪುಸ್ತಕವನ್ನು ಓದುತ್ತೇನೆ. ಒಂದು ಪದವನ್ನೂ ಜರುಗಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಯೋಚಿಸುವವರು ಪ್ರತಿ ವಾಕ್ಯವನ್ನೂ ತಲೆಯಲ್ಲಿ ಹಿಂದುಮುಂದು ಮಾಡಿಕೊಳ್ಳಬೇಕು. ನಿಮಗೆ ಆ ಕಷ್ಟ ಇಲ್ಲ.

ವಿಭಕ್ತಿ ಪ್ರತ್ಯಯ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ತೋಕ್ಯೋ ಕರ ಅಂದರೆ ಟೋಕಿಯೊದಿಂದ. ತೋಕ್ಯೋ ನಿ ಅಂದರೆ ಟೋಕಿಯೊಗೆ. ವತಶಿ ನೊ ಅಂದರೆ ನನ್ನ. ವತಶಿ ಮೊ ಅಂದರೆ ನಾನೂ, ಆ ಕೊನೆಯ "ಊ" ಇದೆಯಲ್ಲ, ಅದೇ "ಮೊ". ಪ್ರಶ್ನೆ ಕೇಳಬೇಕಾದರೆ ನಾವು "ಬರ್ತೀರಾ" ಅಂತ ಕೊನೆಗೆ "ಆ" ಸೇರಿಸುತ್ತೇವೆ, ಅವರು "ಕ" ಸೇರಿಸುತ್ತಾರೆ: ಕಿಮಸ್ ಕ. "ಬರ್ತೀನಿ ಅಂತ ಹೇಳಿದ" ಅನ್ನುವಾಗಿನ "ಅಂತ" ಅವರಲ್ಲಿ "ತೊ". ಅದೂ ಅದೇ ಜಾಗದಲ್ಲಿ.

ನನ್ನನ್ನು ಈ ಭಾಷೆಗೆ ಕಟ್ಟಿಹಾಕಿದ್ದು ಮಾತ್ರ ಜೋಡಿ ಕ್ರಿಯಾಪದಗಳು. ತಬೆರು ಅಂದರೆ ತಿನ್ನು, ಮಿರು ಅಂದರೆ ನೋಡು. "ತಬೆತೆ ಮಿರು" ಅಂದರೆ ಏನು? ತಿಂದು ನೋಡು! ರುಚಿ ನೋಡುವುದಕ್ಕೆ ಕಣ್ಣಿನ ನೋಡುವಿಕೆಯನ್ನು ತಂದಿದ್ದೇವಲ್ಲ ನಾವು, ಅವರೂ ಹಾಗೇ ತಂದಿದ್ದಾರೆ. "ತಬೆತೆ ಶಿಮತ್ತ" ಅಂದರೆ ತಿಂದುಬಿಟ್ಟೆ. ಸುಮ್ಮನೆ ತಿಂದೆ ಅಂತಲ್ಲ, ಪೂರ್ತಿ ತಿಂದುಬಿಟ್ಟೆ, ಛೇ ಅನ್ನುವ ಭಾವವೂ ಸೇರಿದಂತೆ. "ಕತ್ತೆ ಒಕು" ಅಂದರೆ ಕೊಂಡಿಡು, ಒಕು ಅಂದರೆ ಇಡು. "ಒಶಿಯೆತೆ ಕುರೆರು" ಅಂದರೆ ಹೇಳಿಕೊಡು, ಅದರಲ್ಲೂ ಕೊನೆಗೆ "ಕೊಡು" ಇದೆ. "ನಿನ್ನೆ ನೋಡಿದ ಸಿನಿಮಾ" ಅನ್ನಬೇಕಾ? "ಕಿನೋ ಮಿತ ಏಗ". ನಿನ್ನೆ, ನೋಡಿದ, ಸಿನಿಮಾ. ಮುಗಿಯಿತು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ. ಪಾಠ ಇಂಗ್ಲಿಷಿನಲ್ಲಿದ್ದರೂ ತಲೆಯಲ್ಲಿ ಅರ್ಥವನ್ನು ಕನ್ನಡದಲ್ಲಿ ಮಾಡಿಕೊಳ್ಳಿ. ನೋಟ್ಸನ್ನೂ ಕನ್ನಡದಲ್ಲೇ ಬರೆಯಿರಿ.

ಆದರೆ ಪ್ರಪಂಚದಲ್ಲೇ ಕಷ್ಟದ ಭಾಷೆ ಅಂತಾರಲ್ಲ?

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಎಷ್ಟು ಹೊತ್ತು ಬೇಕು ಅಂತ ಒಂದು ಪಟ್ಟಿ ಇಟ್ಟಿದೆ. ಅದರಲ್ಲಿ ಜಪಾನಿಗೆ 88 ವಾರ, ಅಂದರೆ 2200 ಗಂಟೆ ತರಗತಿ. ಈ "ಕಷ್ಟದ ಭಾಷೆ" ಅನ್ನುವ ಮಾತಿಗೆ ಜನ ಜಾಸ್ತಿ ತೋರಿಸುವುದು ಈ ಪಟ್ಟಿಯನ್ನೇ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ಕೆಲಸಕ್ಕೆ ಸಾಕಾಗುವಷ್ಟು ಓದು ಮತ್ತು ಮಾತು ಎರಡೂ ಬರುವ ಹಂತದ ಲೆಕ್ಕ. ನೀವು ಇಂಗ್ಲಿಷ್ ಮನೆಮಾತಿನವರಲ್ಲ. ಈಗ ನಿಮಗೆ ಬೇಕಿರುವುದು ಊಟ ಆಯ್ತಾ, ಎಲ್ಲಿಂದ ಬಂದ್ರಿ, ನನಗೆ ಕ್ರಿಕೆಟ್ ಇಷ್ಟ ಅನ್ನುವಷ್ಟು ಮಾತು. ಓದು ಬರಹ ನಿಜಕ್ಕೂ ಕಷ್ಟ, ಸುಳ್ಳು ಹೇಳುವುದಿಲ್ಲ. ಮಾತು ಅಷ್ಟು ಕಷ್ಟ ಅಲ್ಲ.

ಇನ್ನೊಂದು ಸಮಾಧಾನ ಇದೆ. ನಾವು ಹೋದನು, ಹೋದಳು, ಹೋದರು, ಹೋಯಿತು ಅಂತ ಎಷ್ಟೊಂದು ರೂಪ ಬದಲಿಸುತ್ತೇವೆ. ಅವರಿಗೆ ಎಲ್ಲಕ್ಕೂ ಒಂದೇ, "ಇತ್ತ". ಪೂರ್ತಿ ಹಳಿ ತಪ್ಪುವ ಕ್ರಿಯಾಪದ ಎರಡೇ ಎರಡು: ಸುರು (ಮಾಡು) ಮತ್ತು ಕುರು (ಬಾ).

ಮೊದಲು ಲಿಪಿ ಕಲಿಯಬೇಕಾ, ಮಾತು ಕಲಿಯಬೇಕಾ?

ಎರಡೂ ಒಟ್ಟಿಗೆ. ಆದರೆ ಲಿಪಿ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೂರಬೇಡಿ. ಮೊದಲ ದಿನವೇ ಐದು ಮಾತು ಜೋರಾಗಿ ಹೇಳಿ.

ಲಿಪಿ ಮೂರು ಬಗೆ. ಹಿರಗನ 46 ಅಕ್ಷರ, ಕತಕನ 46 ಅಕ್ಷರ, ಆಮೇಲೆ ಚೀನಾದಿಂದ ಬಂದ ಕಾಂಜಿ. ಹಿರಗನದಲ್ಲಿ ನಮಗೆ ಒಂದು ಖುಷಿ ಕಾದಿದೆ. ಅದರ ವರ್ಣಮಾಲೆ ಹೀಗೆ ಶುರುವಾಗುತ್ತದೆ: ಅ ಇ ಉ ಎ ಒ. ಆಮೇಲೆ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕ ಚ ತ ಪ ವರ್ಗದ ನಮ್ಮದೇ ಕ್ರಮ ಅದು. ಚ ಜಾಗದಲ್ಲಿ ಸ ಇದೆ, ಪ ಜಾಗದಲ್ಲಿ ಹ ಇದೆ, ಆಮೇಲೆ ನಮ್ಮ ಹಾಗೇ ಯ ರ ವ. ಜಪಾನಿನ ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತರು, ಅಲ್ಲಿನ ಅಕ್ಷರಗಳ ಜೋಡಣೆಯೇ ಇಲ್ಲೂ ಬಂತು. ಅಂದರೆ ನೀವು ಒಂದನೇ ಕ್ಲಾಸಿನಲ್ಲಿ ಕಾಗುಣಿತ ಹೇಳಿದ ರಾಗದಲ್ಲೇ "ಕ ಕಿ ಕು ಕೆ ಕೊ, ಸ ಶಿ ಸು ಸೆ ಸೊ, ತ ಚಿ ತ್ಸು ತೆ ತೊ" ಅಂತ ಹೇಳಬಹುದು. ನನ್ನ ಹತ್ತಿರ ಬರುವ ಮಕ್ಕಳು ಹಾಗೇ ಹೇಳುತ್ತಾರೆ. ದಿನಕ್ಕೆ ಒಂದು ಸಾಲು ಕೈಯಲ್ಲಿ ಬರೆದು ಕಲಿತರೆ ಹಿರಗನ ಎರಡು ವಾರದ ಕೆಲಸ.

ಕತಕನ ಹೊರಗಿನಿಂದ ಬಂದ ಪದಗಳಿಗೆ. ಇಲ್ಲೂ ನೋಡಿ: ಬಸ್ ಅವರ ಬಾಯಲ್ಲಿ "ಬಸು", ನಮ್ಮ ಬಾಯಲ್ಲಿ ಬಸ್ಸು. ಟೆಸ್ಟ್ ಅವರಿಗೆ "ತೆಸುತೊ", ನಮಗೆ ಟೆಸ್ಟು. ವ್ಯಂಜನದಲ್ಲಿ ಪದ ನಿಲ್ಲಿಸಲು ನಮ್ಮ ಅಜ್ಜಿಯರಿಗೂ ಆಗುತ್ತಿರಲಿಲ್ಲ, "ನ್" ಒಂದನ್ನು ಬಿಟ್ಟರೆ ಅವರಿಗೂ ಆಗುವುದಿಲ್ಲ.

ಕಾಂಜಿ ಎಷ್ಟು ಕಲಿಯಬೇಕು?

ಜಪಾನಿನಲ್ಲಿ ಸಾಮಾನ್ಯ ಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವುದು 2136. ಅವರ ಮಕ್ಕಳೇ ಅದನ್ನು ಕಲಿಯಲು ಹತ್ತಿರ ಹತ್ತಿರ ಒಂಬತ್ತು ವರ್ಷ ತೆಗೆದುಕೊಳ್ಳುತ್ತಾರೆ. ನಿಮ್ಮ ಗುರಿ ಸದ್ಯಕ್ಕೆ ಮಾತು. ಅಂಕಿಗಳು, ವಾರದ ದಿನಗಳು, ಜನ, ನೀರು, ಬೆಟ್ಟ, ಅಪ್ಪ, ಅಮ್ಮ, ಹೀಗೆ ಮೊದಲ ವರ್ಷ ನೂರು ಸಾಕು.

ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಂಡರೆ ತಪ್ಪಾ?

ಹಿರಗನ ಬರುವ ತನಕ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಎಷ್ಟೋ ವಾಸಿ, ಯಾಕೆಂದರೆ ನಮ್ಮಲ್ಲಿ ಎ ಏ, ಒ ಓ ಬೇರೆ ಬೇರೆ ಇವೆ. ಒತ್ತಕ್ಷರವೂ ಇದೆ. ಜಪಾನಿಯಲ್ಲಿ ಇವೆರಡೂ ಅರ್ಥವನ್ನೇ ಬದಲಿಸಿಬಿಡುತ್ತವೆ. "ಕಿತೆ" ಅಂದರೆ ಬಂದು, "ಕಿತ್ತೆ" ಅಂದರೆ ಅಂಚೆಚೀಟಿ. "ಬಿರು" ಅಂದರೆ ದೊಡ್ಡ ಕಟ್ಟಡ, "ಬೀರು" ಅಂದರೆ ಬಿಯರು.

ನಾನು ಇದನ್ನು ಕಲಿತಿದ್ದು ಆ ಜಪಾನಿ ಮನೆಯ ಗೇಟಿನ ಮುಂದೆ. ಆ ಮನೆಯಾಕೆ ಒಂದು ಸಂಜೆ ನಮಗೆ ಅಕ್ಕಿ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನಾನು ವಾರದಿಂದ ತಯಾರಿ ಮಾಡಿಕೊಂಡಿದ್ದ ಮಾತು ಹೇಳಿದೆ: "ಅರಿಗತೋ, ಒಬಾಸನ್." ಥ್ಯಾಂಕ್ಸ್ ಆಂಟಿ ಅಂತ ನನ್ನ ಲೆಕ್ಕ. ಆದರೆ "ಬಾ" ಎಳೆದರೆ ಅಜ್ಜಿ, ಎಳೆಯದಿದ್ದರೆ ಆಂಟಿ. ಅವರಿಗೆ ನಲವತ್ತು ಆಗಿರಬಹುದು ಅಷ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಗೇಟಿನ ಕಂಬಿಯ ಮೇಲೆ ಬೆರಳಲ್ಲಿ ತಟ್ಟುತ್ತಾ ತೋರಿಸಿದರು. ಒ, ಬ, ಸ, ನ್. ನಾಲ್ಕು ತಟ್ಟು. ಆಮೇಲೆ ತಮ್ಮ ಬೆನ್ನು ಬಗ್ಗಿಸಿ ಅಜ್ಜಿಯ ಹಾಗೆ ನಿಂತು, ಒ, ಬ, ಅ, ಸ, ನ್. ಐದು ತಟ್ಟು.

ರಾತ್ರಿ ಕನ್ನಡ ಹೋಮ್‌ವರ್ಕಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಾ ಕೂತಿದ್ದಾಗ ಕೈ ನಿಂತುಹೋಯಿತು. ಅವರು ತಟ್ಟಿದ್ದು ಮಾತ್ರೆ! ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಕೊನೆಗೆ ಬರಿ ವ್ಯಂಜನ ಬಂದರೂ ಗುರು. "ನಿಪ್ಪೊನ್" ಅನ್ನಿ, ನಮ್ಮ ಲೆಕ್ಕದಲ್ಲಿ ಎರಡು ಗುರು, ನಾಲ್ಕು ಮಾತ್ರೆ. ಅವರ ಲೆಕ್ಕದಲ್ಲೂ ನಿ, ಪ್, ಪೊ, ನ್, ನಾಲ್ಕೇ. ಹೈಕು ಪದ್ಯದ 5, 7, 5 ಅಂತ ಕೇಳಿರುತ್ತೀರಿ, ಆ ಎಣಿಕೆಯೂ ಈ ಮಾತ್ರೆಯದೇ. ಹಾಗಾಗಿ ಹೊಸ ಪದ ಕಲಿತಾಗಲೆಲ್ಲ ಮೇಜಿನ ಮೇಲೆ ಮಾತ್ರೆ ತಟ್ಟಿ ಹೇಳಿ. ಉಚ್ಚಾರಣೆ ಸರಿಹೋಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲವು ಎಚ್ಚರಿಕೆ. ಅವರಲ್ಲಿ ಟ ಡ ಇಲ್ಲ, ತ ದ ಮಾತ್ರ. "ಅರಿಗಾಟೊ" ಅನ್ನಬೇಡಿ. ಮಹಾಪ್ರಾಣ ಇಲ್ಲ. ಲ ಇಲ್ಲ, ಇರುವುದು ನಾಲಿಗೆ ಒಮ್ಮೆ ತಾಗಿ ಬಿಡುವ ರ. "ದೆಸು", "ಮಸು" ಅಂತ ಬರೆದಿದ್ದರೂ ಕೊನೆಯ ಉ ಕೇಳಿಸುವುದೇ ಇಲ್ಲ ಅನ್ನುವಷ್ಟು ತೇಲಿಹೋಗುತ್ತದೆ, ಅದಕ್ಕೇ ನಾನು ದೆಸ್, ಮಸ್ ಅಂತ ಬರೆಯುತ್ತಿದ್ದೇನೆ. ಅವರ ಕೊನೆಯ ಅಕ್ಷರ "ನ್" ಥೇಟ್ ನಮ್ಮ ಸೊನ್ನೆಯ ಹಾಗೆ. ಹಂದಿ, ಅಂಗಡಿ, ಕಂಪನಿ, ಮೂರರಲ್ಲೂ ಸೊನ್ನೆಯ ಸದ್ದು ಬೇರೆ ಬೇರೆ ಅಲ್ವಾ? ಅಲ್ಲೂ ಹಾಗೇ, ಮುಂದಿನ ಅಕ್ಷರ ನೋಡಿ ಬದಲಾಗುತ್ತದೆ.

ಮೊದಲು ಯಾವ ಮಾತು ಕಲಿಯಲಿ?

ಮನೆ ಬಿಟ್ಟು ಹೊರಡುವಾಗಿನ ಮಾತು. ಜಪಾನಿನಲ್ಲಿ ಶಾಲೆಗೆ ಹೊರಟ ಮಗು ಬಾಗಿಲಲ್ಲಿ "ಇತ್ತೆ ಕಿಮಸ್" ಅನ್ನುತ್ತದೆ. ಇತ್ತೆ ಅಂದರೆ ಹೋಗಿ, ಕಿಮಸ್ ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ನಾವು "ಹೋಗ್ತೀನಿ" ಅಂದರೆ ಅಜ್ಜಿ ಬೈಯುತ್ತಾರಲ್ಲ, ಹೋಗಿ ಬರ್ತೀನಿ ಅನ್ನು ಅಂತ. ಅಲ್ಲಿಯೂ ಹೇಳುವುದು ಹೋಗಿ ಬರ್ತೀನಿ ಅಂತಲೇ. ಒಳಗಿನಿಂದ ಅಮ್ಮ "ಇತ್ತೆ ರಶ್ಶಯ್" ಅನ್ನುತ್ತಾರೆ, ಹೋಗಿ ಬಾ. ವಾಪಸ್ ಬಂದಾಗ "ತದಯ್ಮ", ಬಂದೆ. ಅದಕ್ಕೆ ಉತ್ತರ "ಒಕಯೆರಿ". ನಾಳೆಯಿಂದಲೇ ಮನೆಯಲ್ಲಿ ಶುರು ಮಾಡಿ, ಅಮ್ಮನಿಗೂ ಉತ್ತರ ಹೇಳಿಕೊಡಿ. ನನ್ನ ಹತ್ತಿರ ಬರುವ ಒಬ್ಬ ಹುಡುಗನ ಅಜ್ಜಿ ಈಗ ದಿನಾ ಬಾಗಿಲಲ್ಲಿ "ಇತ್ತೆ ರಶ್ಶಯ್" ಅನ್ನುತ್ತಾರೆ.

ಎರಡನೆಯದು ನಿಮ್ಮ ಪರಿಚಯ. "ಹಜಿಮೆಮಶಿತೆ. ಕಾವ್ಯ ದೆಸ್. ಇಂದೊ ಕರ ಕಿಮಶಿತ. ಕೋಕೋಸೇ ದೆಸ್. ಶುಮಿ ವ ಕುರಿಕೆತ್ತೊ ದೆಸ್. ದೋಜೊ ಯೊರೊಶಿಕು ಒನೆಗಯ್ಶಿಮಸ್." ಮೊದಲ ಸಲ ಭೇಟಿ, ನಾನು ಕಾವ್ಯ, ಇಂಡಿಯಾದಿಂದ ಬಂದಿದ್ದೇನೆ, ಹೈಸ್ಕೂಲು ವಿದ್ಯಾರ್ಥಿನಿ, ಹವ್ಯಾಸ ಕ್ರಿಕೆಟ್ಟು, ಪರಿಚಯ ಹೀಗೇ ಇರಲಿ. ಅಲ್ಲಿ ಶಾಲೆ ಆರು, ಮೂರು, ಮೂರು ವರ್ಷದ ಲೆಕ್ಕ. ನಮ್ಮ ಎಸ್ಸೆಸ್ಸೆಲ್ಸಿಯಿಂದ ಎರಡನೇ ಪಿಯುಸಿ ತನಕ ಅವರಿಗೆ "ಕೋಕೋ". ಏಳರಿಂದ ಒಂಬತ್ತರ ತನಕದ ಕ್ಲಾಸಿನಲ್ಲಿದ್ದರೆ "ಚೂಗಕುಸೇ" ಅನ್ನಿ.

ಮೂರನೆಯದು, ಮಾತು ಸಿಕ್ಕಿಹಾಕಿಕೊಂಡಾಗ ಬಿಡಿಸಿಕೊಳ್ಳುವ ಮಾತುಗಳು. ಇವನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಯಿರಿ. "ಸುಮಿಮಸೆನ್, ಮೋ ಇಚಿದೊ ಒನೆಗಯ್ಶಿಮಸ್", ಕ್ಷಮಿಸಿ, ಇನ್ನೊಂದು ಸಲ ಹೇಳಿ. "ಯುಕ್ಕುರಿ ಹನಶಿತೆ ಕುದಸಯ್", ನಿಧಾನವಾಗಿ ಮಾತಾಡಿ. "ವಕರಿಮಸೆನ್", ಅರ್ಥ ಆಗಲಿಲ್ಲ. "ಕೊರೆ ವ ನಿಹೊಂಗೊ ದೆ ನನ್ ದೆಸ್ ಕ", ಇದಕ್ಕೆ ಜಪಾನಿಯಲ್ಲಿ ಏನಂತಾರೆ?

ಕೊರೆ, ಸೊರೆ, ಅರೆ ಮೂರೂ ಯಾಕೆ? ಇದು ಅದು ಸಾಲದಾ?

ನನ್ನ ಹತ್ತಿರ ಇರುವುದು ಕೊರೆ, ನಿಮ್ಮ ಹತ್ತಿರ ಇರುವುದು ಸೊರೆ, ಇಬ್ಬರಿಗೂ ದೂರದ್ದು ಅರೆ. ಹಳಗನ್ನಡದಲ್ಲೂ ಇದು, ಉದು, ಅದು ಅಂತ ಮೂರಿತ್ತು, ನಡುವಿನದನ್ನು ನಾವು ಕಳೆದುಕೊಂಡೆವು.

ಅನಿಮೆ, ಅಂದರೆ ಜಪಾನಿ ಕಾರ್ಟೂನು, ನೋಡಿ ಕಲಿಯಬಹುದಾ? ನಾನು ದಿನಾ ನೋಡ್ತೀನಿ.

ಕಿವಿ ತಯಾರಾಗುತ್ತದೆ, ಅದು ದೊಡ್ಡ ಲಾಭ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಅನಿಮೆ ನೋಡುವವರ ಉಚ್ಚಾರಣೆ ಮೊದಲ ದಿನದಿಂದಲೇ ಚೆನ್ನಾಗಿರುತ್ತದೆ. ಆದರೆ ಅಲ್ಲಿನ ಮಾತನ್ನು ಹಾಗೇ ಎತ್ತಿಕೊಂಡು ಹೋಗಿ ಯಾರ ಮುಂದಾದರೂ ಆಡಿದರೆ ಕಷ್ಟ. ನಾಯಕ ತನ್ನನ್ನು "ಒರೆ" ಅಂದುಕೊಳ್ಳುತ್ತಾನೆ, ಎದುರಿನವನನ್ನು "ಒಮಯೆ" ಅನ್ನುತ್ತಾನೆ, ಜಗಳದಲ್ಲಿ "ತೆಮೇ", "ಕಿಸಮ" ಅನ್ನುತ್ತಾನೆ. ಕನ್ನಡ ಕಲಿಯಲು ಬಂದವರೊಬ್ಬರು ನಮ್ಮ ಆಕ್ಷನ್ ಸಿನಿಮಾ ನೋಡಿ ಬಂದು ನಿಮ್ಮ ಮೇಷ್ಟ್ರಿಗೆ "ಏನ್ಲಾ" ಅಂದರೆ ಹೇಗಿರುತ್ತದೆ? ಅಷ್ಟೇ ಒರಟು.

ನೋಡುವ ರೀತಿ ಬದಲಿಸಿ. ಕತ್ತಿ, ಮಾಯೆ, ಯುದ್ಧದ ಕಥೆ ಬಿಟ್ಟು ಶಾಲೆ, ಮನೆ, ಊಟದ ಕಥೆ ಆರಿಸಿ. ಇಡೀ ಕಂತು ನೋಡಿದ ಮೇಲೆ ಒಂದೇ ಒಂದು ನಿಮಿಷದ ಮಾತುಕತೆ ಹಿಡಿದುಕೊಂಡು, ಅಡಿಬರಹ ಮುಚ್ಚಿ, ಹತ್ತು ಸಲ ಕೇಳಿ. ಆಮೇಲೆ ಅವರ ಹಿಂದೆಯೇ ಅದೇ ವೇಗದಲ್ಲಿ, ಅದೇ ಏರಿಳಿತದಲ್ಲಿ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಪಕ್ಕಪಕ್ಕದಲ್ಲಿ ಕೇಳಿಸಿಕೊಳ್ಳಿ.

ನೀನು, ನೀವು ಇದೆಯಾ? "ಅನತ" ಅಂದರೆ ನೀವು ಅಲ್ವಾ?

ಪುಸ್ತಕದಲ್ಲಿ ಹಾಗೇ ಇರುತ್ತದೆ. ಬಳಕೆಯಲ್ಲಿ ಅದನ್ನು ಆದಷ್ಟು ತಪ್ಪಿಸುತ್ತಾರೆ. ನಾವು ಮೇಷ್ಟ್ರ ಹತ್ತಿರ "ನೀವು ಯಾವಾಗ ಬಂದ್ರಿ" ಅನ್ನುವುದಕ್ಕಿಂತ "ಸಾರ್ ಯಾವಾಗ ಬಂದ್ರಿ" ಅನ್ನುತ್ತೇವಲ್ಲ, ಹಾಗೆ. ಹೆಸರಿಗೆ "ಸನ್" ಸೇರಿಸಿ ಕರೆಯಿರಿ, ಅದು ನಮ್ಮ "ಅವರು" ಇದ್ದಂತೆ. ಮೇಷ್ಟ್ರಾದರೆ "ಸೆನ್ಸೇ". ನಿಮ್ಮ ಹೆಸರಿಗೆ ನೀವೇ ಸನ್ ಸೇರಿಸಿಕೊಳ್ಳಬೇಡಿ.

ಅವರಲ್ಲೂ ಏಕವಚನದ ಮಾತು, ಬಹುವಚನದ ಮಾತು ಅನ್ನುವಂತಹ ವ್ಯತ್ಯಾಸ ಇದೆ, ಅದು ಕ್ರಿಯಾಪದದ ಕೊನೆಯಲ್ಲಿ ಕಾಣುತ್ತದೆ. ಗೆಳೆಯನಿಗೆ "ತಬೆರು?", ಹೊಸಬರಿಗೆ, ದೊಡ್ಡವರಿಗೆ "ತಬೆಮಸ್ ಕ?". ಮೊದಲ ಆರು ತಿಂಗಳು ದೆಸ್, ಮಸ್ ರೂಪದಲ್ಲೇ ಮಾತಾಡಿ. ನಿಮ್ಮ ವಯಸ್ಸಿನ ಜಪಾನಿ ಗೆಳೆಯರು ಸಿಕ್ಕಾಗ ಅವರೇ ಸಲುಗೆಯ ಮಾತಿಗೆ ಎಳೆಯುತ್ತಾರೆ.

ಮನೆಯವರ ವಿಷಯದಲ್ಲಿ ನಮಗೆ ಮತ್ತೆ ಸುಲಭ. ಅಣ್ಣ ಅನಿ, ತಮ್ಮ ಒತೋತೊ, ಅಕ್ಕ ಅನೆ, ತಂಗಿ ಇಮೋತೊ. ನಾಲ್ಕಕ್ಕೆ ನಾಲ್ಕು ಪದ. ಒಂದೇ ವ್ಯತ್ಯಾಸ, ಬೇರೆಯವರ ಮನೆಯ ಅಣ್ಣನ ಬಗ್ಗೆ ಹೇಳುವಾಗ "ಒನೀಸನ್" ಅಂತ ಗೌರವದ ಪದ ಬೇಕು, ನಿಮ್ಮ ಅಣ್ಣನ ಬಗ್ಗೆ ಹೊರಗಿನವರ ಹತ್ತಿರ ಹೇಳುವಾಗ "ಅನಿ".

"ವ" ಮತ್ತು "ಗ" ವ್ಯತ್ಯಾಸ ಎಷ್ಟು ಓದಿದರೂ ತಿಳಿಯುತ್ತಿಲ್ಲ.

ಎಲ್ಲರೂ ಎಡವುವ ಜಾಗ ಇದು, ಪೂರ್ತಿ ತಿಳಿಯಲು ವರ್ಷಗಳು ಬೇಕು. ಶುರುವಿನಲ್ಲಿ ಹೀಗೆ ಇಟ್ಟುಕೊಳ್ಳಿ. "ನಾನು ವಿದ್ಯಾರ್ಥಿ" ಅಂತ ಸುಮ್ನೆ ನನ್ನ ಬಗ್ಗೆ ಹೇಳುವಾಗ "ವತಶಿ ವ". "ಯಾರು ಮಾಡ್ತೀರಾ" ಅಂತ ಕೇಳಿದಾಗ "ನಾನು ಮಾಡ್ತೀನಿ" ಅಂತ "ನಾನು" ಮೇಲೆ ಒತ್ತು ಕೊಟ್ಟು ಹೇಳುತ್ತೇವಲ್ಲ, ಅಲ್ಲಿ "ವತಶಿ ಗ". ಇಷ್ಟ, ಬೇಕು, ಬರುತ್ತೆ ಅನ್ನುವಲ್ಲೆಲ್ಲ "ಗ" ಬರುತ್ತದೆ: "ಇನು ಗ ಸುಕಿ ದೆಸ್", ನಾಯಿ ಇಷ್ಟ. ಕನ್ನಡದಲ್ಲೂ "ನಾಯಿಯನ್ನು ಇಷ್ಟ" ಅನ್ನುವುದಿಲ್ಲ ನೋಡಿ. ಮಾತಾಡುವಾಗ ತಪ್ಪಾದರೂ ಎದುರಿನವರಿಗೆ ಅರ್ಥವಾಗುತ್ತದೆ, ಅಲ್ಲೇ ನಿಲ್ಲಬೇಡಿ.

ಎಣಿಕೆ ಯಾಕೆ ಅಷ್ಟು ಗೋಜಲು?

ಉದ್ದನೆಯ ವಸ್ತುವಿಗೆ ಇಪ್ಪೊನ್, ನಿಹೊನ್, ಸಂಬೊನ್. ಜನಕ್ಕೆ ಹಿತೊರಿ, ಫುತರಿ, ಸನ್ನಿನ್. ನಾವು ಒಂದು, ಎರಡು ಬಿಟ್ಟು ಜನಕ್ಕೆ ಒಬ್ಬರು, ಇಬ್ಬರು, ಮೂವರು ಅನ್ನುತ್ತೇವಲ್ಲ, ಅದನ್ನೇ ಅವರು ಕಾಗದ, ಪೆನ್ಸಿಲು, ಪುಸ್ತಕಕ್ಕೂ ಮಾಡಿದ್ದಾರೆ. ಶುರುವಿನಲ್ಲಿ ಹಿತೊತ್ಸು, ಫುತತ್ಸು, ಮಿತ್ತ್ಸು ಅಂತ ಹತ್ತರ ತನಕ ಕಲಿತರೆ ಹೆಚ್ಚಿನ ವಸ್ತುಗಳಿಗೆ ನಡೆಯುತ್ತದೆ.

ಅವರು ಮಾತಿನ ಮಧ್ಯೆ "ಹಯ್, ಹಯ್" ಅಂತಲೇ ಇರ್ತಾರೆ. ಒಪ್ಪಿದರು ಅಂತನಾ?

ಅಲ್ಲ, ಹೂಂಗುಟ್ಟುತ್ತಿದ್ದಾರೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂ, ಹೂಂ ಅನ್ನದಿದ್ದರೆ "ನಿದ್ದೆ ಬಂತಾ" ಅಂತ ಕೇಳುತ್ತಿದ್ದರು. ಅಲ್ಲಿಯೂ ಸುಮ್ಮನೆ ಕೇಳುತ್ತಾ ನಿಂತರೆ ನಿಮಗೆ ಅರ್ಥವಾಗುತ್ತಿಲ್ಲ ಅಂದುಕೊಳ್ಳುತ್ತಾರೆ. ಹಯ್, ಸೋ ದೆಸ್ ನೆ ಅನ್ನುತ್ತಿರಿ.

ಆ "ನೆ" ನಮ್ಮ "ಅಲ್ವಾ". "ಒಯ್ಶೀ ನೆ", ರುಚಿಯಾಗಿದೆ ಅಲ್ವಾ. "ಯೊ" ನಮ್ಮ "ಕಣೋ, ಕಣೇ". "ಒಯ್ಶೀ ಯೊ", ರುಚಿಯಾಗಿದೆ ಕಣೋ. ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ, ನಿಮಗೆ ಒಂದು ಸಾಲು ಸಾಕು. ಮಾತು ತಡವರಿಸಿದಾಗ ನಾವು "ಅದೂ..." ಅಂತ ಎಳೆಯುತ್ತೇವೆ, ಅವರು "ಅನೋ..." ಅಂತ ಎಳೆಯುತ್ತಾರೆ, ಅದರಲ್ಲೂ ಇರುವುದು "ಆ" ಅನ್ನುವ ಅರ್ಥವೇ. ಎದೆ ಢವಢವ ಅಂದರೆ ದೊಕಿದೊಕಿ, ಮಿಣಮಿಣ ಅಂದರೆ ಕಿರಕಿರ, ಜಿಟಿಜಿಟಿ ಮಳೆ ಶಿತೊಶಿತೊ, ಪಟಪಟ ಮಾತಾಡುವುದು ಪೆರಪೆರ. ಇಂಥ ಪದಗಳನ್ನು ಜಾಸ್ತಿ ಕಲಿಯಿರಿ, ನಿಮ್ಮ ಮಾತು ಪುಸ್ತಕದ ಮಾತಾಗದೆ ಮನೆಮಾತಿನ ಹಾಗೆ ಕೇಳಿಸುತ್ತದೆ.

ಹಾಗಾದರೆ ಜಪಾನಿಯೂ ದ್ರಾವಿಡ ಭಾಷೆನಾ?

ಅಲ್ಲ. ಒನೊ ಸುಸುಮು ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದ್ದರು, ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಕೊರಿಯನ್, ಟರ್ಕಿಶ್ ಭಾಷೆಗಳಲ್ಲೂ ಇದೆ. ರಕ್ತಸಂಬಂಧ ಇರಲೇಬೇಕಿಲ್ಲ, ನಮಗೆ ಕಲಿಯಲು ಅನುಕೂಲ ಆಯಿತಲ್ಲ, ಅಷ್ಟು ಸಾಕು.

ಎಸ್ಸೆಸ್ಸೆಲ್ಸಿ, ಪಿಯುಸಿ ಓದಿನ ಮಧ್ಯೆ ಸಮಯ ಎಲ್ಲಿ?

ದಿನಕ್ಕೆ ಇಪ್ಪತ್ತೈದು ನಿಮಿಷ. ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೆ ಬುಧವಾರದ ಹೊತ್ತಿಗೆ ಎಲ್ಲಾ ಮರೆತಿರುತ್ತದೆ. ಬೆಳಗ್ಗೆ ಹತ್ತು ನಿಮಿಷ ಪದಗಳ ಪುನರಾವರ್ತನೆ, ಅದಕ್ಕೆ ಅಂಕಿ ಅನ್ನುವ ಆ್ಯಪ್ ಚೆನ್ನಾಗಿದೆ, ಆಂಡ್ರಾಯ್ಡಿನಲ್ಲಿ ಉಚಿತ, ಪದಗಳ ಅರ್ಥವನ್ನು ಕನ್ನಡದಲ್ಲಿ ನೀವೇ ಟೈಪ್ ಮಾಡಿಕೊಳ್ಳಿ. ಸಂಜೆ ಹದಿನೈದು ನಿಮಿಷ ಬಾಯಿ ಕೆಲಸ. ಪರೀಕ್ಷೆ ಹತ್ತಿರ ಬಂದಾಗ ಹೊಸದೇನೂ ಕಲಿಯಬೇಡಿ, ಹಳೆಯ ಪದಗಳನ್ನು ಐದು ನಿಮಿಷ ತಿರುವಿ ಹಾಕಿ, ಪರೀಕ್ಷೆಯ ಓದಿಗೆ ಕೂರಿ.

ನಮ್ಮ ತಾಲೂಕಿನಲ್ಲಿ ಜಪಾನಿ ಮಾತಾಡೋರು ಯಾರೂ ಇಲ್ಲ. ಯಾರ ಜೊತೆ ಮಾತಾಡಲಿ?

ಮೊದಲು ನಿಮ್ಮ ಜೊತೆ. ಸೈಕಲ್ ತುಳಿಯುವಾಗ ಕಂಡಿದ್ದನ್ನೆಲ್ಲ ಹೇಳಿಕೊಳ್ಳಿ: ಇನು ಗ ಇಮಸ್, ನಾಯಿ ಇದೆ. ಬಸು ಗ ಕಿಮಶಿತ, ಬಸ್ಸು ಬಂತು. ಜನಕ್ಕೆ, ಪ್ರಾಣಿಗೆ ಇಮಸ್, ಗಿಡಮರಕ್ಕೆ, ವಸ್ತುವಿಗೆ ಅರಿಮಸ್, ಇದು ಹೀಗೆ ಹೇಳಿಕೊಂಡರೇ ಬಾಯಿಗೆ ಕೂರುತ್ತದೆ. ಆಮೇಲೆ ಕ್ಲಾಸಿನಲ್ಲಿ ಆಸೆ ಇರುವ ಇನ್ನೊಬ್ಬರನ್ನು ಹುಡುಕಿ. ಇಬ್ಬರಿದ್ದರೆ ಸಾಕು, ವಾಟ್ಸಾಪಿನಲ್ಲಿ ದಿನಕ್ಕೊಂದು ಧ್ವನಿ ಸಂದೇಶ ಕಳಿಸಿಕೊಳ್ಳಿ.

ಬೆಂಗಳೂರಿಗೆ ಹೋಗಿಬರಲು ಆಗುವವರು "ಜಪಾನ್ ಹಬ್ಬ"ಕ್ಕೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಜಪಾನಿ ಜನ, ಕಲಿಯುವ ಮಕ್ಕಳು ಎಲ್ಲಾ ಸಿಗುತ್ತಾರೆ.

ಆನ್‌ಲೈನಿನಲ್ಲಿ ಜಪಾನಿ ಗೆಳೆಯರನ್ನು ಹುಡುಕಬಹುದಾ?

ಹದಿನೆಂಟು ತುಂಬದವರು ಅಪ್ಪ ಅಮ್ಮನಿಗೆ ಹೇಳದೆ ಇದಕ್ಕೆ ಕೈ ಹಾಕಬೇಡಿ. ಭಾಷೆ ಕಲಿಯುವ ನೆಪದಲ್ಲಿ ಬರುವವರಲ್ಲಿ ಎಲ್ಲರೂ ಒಳ್ಳೆಯವರಲ್ಲ. ಫೋಟೊ, ಶಾಲೆಯ ಹೆಸರು, ವಿಳಾಸ, ಫೋನ್ ನಂಬರ್ ಯಾರಿಗೂ ಬೇಡ. ಮಾತನ್ನು ಗುಟ್ಟಾಗಿಡು ಅಂದವರನ್ನು ಆ ಕ್ಷಣವೇ ಬ್ಲಾಕ್ ಮಾಡಿ, ಮನೆಯಲ್ಲಿ ಹೇಳಿ.

ಕ್ಲಾಸಿಗೆ ಸೇರಲೇಬೇಕಾ? ದುಡ್ಡಿಲ್ಲ.

ಸೇರದೆಯೂ ಶುರು ಮಾಡಬಹುದು. ಜಪಾನ್ ಫೌಂಡೇಶನ್ ಅನ್ನುವ ಅಲ್ಲಿನ ಸಂಸ್ಥೆಯ "ಮಿನಾತೊ" ಜಾಲತಾಣದಲ್ಲಿ ಆರಂಭಿಕರಿಗೆ ಉಚಿತ ಪಾಠಗಳಿವೆ. ಎನ್‌ಎಚ್‌ಕೆ ವರ್ಲ್ಡ್ ಜಾಲತಾಣದಲ್ಲಿ ಮಾತುಕತೆಯ ಪಾಠಗಳು ಧ್ವನಿ ಸಮೇತ ಉಚಿತವಾಗಿ ಸಿಗುತ್ತವೆ. ಆರು ತಿಂಗಳು ಇವುಗಳಲ್ಲೇ ಕಲಿಯಿರಿ, ಆಮೇಲೂ ಆಸೆ ಉಳಿದಿದ್ದರೆ ಕ್ಲಾಸಿನ ಯೋಚನೆ ಮಾಡಿ. ಸೇರುವ ಮುನ್ನ ಒಂದು ಕ್ಲಾಸಿನಲ್ಲಿ ಕೂತು ನೋಡಿ. ಗಂಟೆಯಲ್ಲಿ ಮಕ್ಕಳ ಬಾಯಿಂದ ಎಷ್ಟು ಮಾತು ಬಂತು ಅಂತ ಗಮನಿಸಿ. ನನ್ನ ಅಕ್ಕನ ಮಗಳು ಒಂದು ಕಡೆ ವರ್ಷದ ಫೀಸು ಕಟ್ಟಿದಳು. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ಬಿಟ್ಟರೆ ಒಂದು ದಿನವೂ ಮಾತಾಡಿಸಲಿಲ್ಲ. ಪರೀಕ್ಷೆ ಪಾಸಾದಳು, ಆದರೆ ಜಪಾನಿನವರೊಬ್ಬರು ಎದುರು ಸಿಕ್ಕಾಗ ಹೆಸರು ಹೇಳಲೂ ಗಂಟಲು ಕಟ್ಟಿತು. ಅದು ನನಗೆ ಇವತ್ತಿಗೂ ಸಂಕಟ.

ಜೆಎಲ್‌ಪಿಟಿ ಪರೀಕ್ಷೆ ಬರೆಯಬೇಕಾ?

1984ರಿಂದ ನಡೆಯುತ್ತಿರುವ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ ಅದು. 2010ರಿಂದ ಎನ್5ರಿಂದ ಎನ್1ರ ತನಕ ಐದು ಹಂತ, ಎನ್5 ಸುಲಭದ್ದು. ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಎನ್5ರಲ್ಲಿ 180ಕ್ಕೆ 80 ಅಂಕ ಬಂದರೆ ಪಾಸು, ಪ್ರತಿ ಭಾಗದಲ್ಲೂ ಕನಿಷ್ಠ ಅಂಕ ಬೇಕು. ಅರ್ಜಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಆದರೆ ಈ ಪರೀಕ್ಷೆಯಲ್ಲಿ ಮಾತಾಡಿಸುವುದಿಲ್ಲ! ಓದು ಮತ್ತು ಕೇಳುವಿಕೆ ಮಾತ್ರ. ಹಾಗಾಗಿ ಬರೆಯಿರಿ, ಒಂದು ಗುರಿ ಇರುತ್ತದೆ, ಆದರೆ ಬಾಯಿಯ ಹದಿನೈದು ನಿಮಿಷ ಮಾತ್ರ ಬಿಡಬೇಡಿ.

ಅಪ್ಪ ಅಮ್ಮ ಕೇಳ್ತಾರೆ, ಇದರಿಂದ ಕೆಲಸ ಸಿಗುತ್ತಾ?

ಎನ್5ರಿಂದ ಸಿಗುವುದಿಲ್ಲ. ಯಾರಾದರೂ ಸಿಗುತ್ತದೆ ಅಂತ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. 2019ರ ಏಪ್ರಿಲಿನಲ್ಲಿ ಜಪಾನ್ ತಂದ ಕುಶಲ ಕೆಲಸಗಾರರ ವೀಸಾಗೆ ಕನಿಷ್ಠ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಇನ್ನೊಂದು ಭಾಷಾ ಪರೀಕ್ಷೆ ಬೇಕು, ಅದರ ಜೊತೆ ಕೆಲಸದ ಪರೀಕ್ಷೆ ಇರುತ್ತದೆ, ವಯಸ್ಸು 18 ತುಂಬಿರಬೇಕು. ಅನುವಾದ, ಐಟಿ ಕಂಪನಿಗಳ ಕೆಲಸಕ್ಕೆ ಇನ್ನೂ ಮೇಲಿನ ಹಂತ ಬೇಕಾಗುತ್ತದೆ. ಪಿಯುಸಿ ಆದ ಮೇಲೆ ಅಲ್ಲೇ ಪದವಿ ಓದಲು ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಇದೆ, ಪೈಪೋಟಿ ಜೋರು. ಹದಿನಾಲ್ಕು ಹದಿನೈದಕ್ಕೆ ಶುರು ಮಾಡಿದವರಿಗೆ ಡಿಗ್ರಿ ಮುಗಿಯುವ ಹೊತ್ತಿಗೆ ಏಳೆಂಟು ವರ್ಷ ಕೈಯಲ್ಲಿರುತ್ತದೆ. ಪೋಷಕರಿಗೆ ನಾನು ಹೇಳುವುದು ಅಷ್ಟೆ.

ಆರು ತಿಂಗಳಾದ ಮೇಲೆ ಎಷ್ಟು ಮಾತಾಡಬಲ್ಲೆ?

ದಿನಾ ಮಾಡಿದ್ದರೆ, ಐದು ನಿಮಿಷ. ಹೆಸರು, ಊರು, ಮನೆಯವರು, ಶಾಲೆ, ತಿಂಡಿ, ಆಟ, ಇವತ್ತು ಏನು ಮಾಡಿದೆ, ನಾಳೆ ಎಲ್ಲಿಗೆ ಹೋಗ್ತೀನಿ. ಮಧ್ಯದಲ್ಲಿ ಮೂರು ನಾಲ್ಕು ಸಲ "ಮೋ ಇಚಿದೊ" ಅನ್ನಬೇಕಾಗುತ್ತದೆ. ನಮ್ಮ ಬೀದಿಯ ಆ ಕುಟುಂಬ ಎರಡು ವರ್ಷಕ್ಕೆ ವಾಪಸ್ ಹೊರಟಿತು. ಸಾಮಾನು ವ್ಯಾನಿಗೆ ಹಾಕಿ ಆಗಿತ್ತು. ನನಗೆ ವಿದಾಯದ ದೊಡ್ಡ ಮಾತುಗಳು ಯಾವುವೂ ಬರುತ್ತಿರಲಿಲ್ಲ, ಬರುತ್ತಿದ್ದುದನ್ನೇ ಹೇಳಿದೆ, "ಇತ್ತೆ ರಶ್ಶಯ್, ಒಬಸನ್." ನಾಲ್ಕು ಮಾತ್ರೆ ಸರಿಯಾಗಿ ಬಂತು. ಅವರು ಕಾರಿನ ಬಾಗಿಲು ಹಿಡಿದುಕೊಂಡೇ ತಿರುಗಿ, ಕಣ್ಣು ಒರೆಸಿಕೊಂಡು, "ಇತ್ತೆ ಕಿಮಸ್" ಅಂದರು.